ಕಾರಿನ ಕೀ ತಗೊಳ್ಳುವ ಮೊದಲು ನಂಬರ್ ಪ್ಲೇಟ್ ನೋಡಿ

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿದು, ಅಲ್ಲಿಂದಲೇ ಸೆಲ್ಫ್ ಡ್ರೈವ್ ಕಾರು ತಗೊಂಡು ಹಾಸನಕ್ಕೋ ಮಡಿಕೇರಿಗೋ ಹೊರಡುವವರು ಬಹಳ ಜನ. ಅವರು ವಿಚಾರಿಸುವುದೆಲ್ಲ ದಿನದ ಬಾಡಿಗೆ ಎಷ್ಟು, ಎಷ್ಟು ಕಿಲೋಮೀಟರ್ ಫ್ರೀ, ಡೆಪಾಸಿಟ್ ಯಾವಾಗ ವಾಪಸ್ ಅಂತ. ನಾನು ವಾಹನ ವಿಮೆಯ ಸರ್ವೇಯರ್. ಅಪಘಾತವಾದ ಕಾರನ್ನು ಗ್ಯಾರೇಜಿಗೆ ಹೋಗಿ ನೋಡಿ, ನಷ್ಟ ಎಷ್ಟು ಅಂತ ಲೆಕ್ಕ ಹಾಕುವುದು ನನ್ನ ಕೆಲಸ. ಬಾಡಿಗೆ ವಿಚಾರ ಆಮೇಲೆ, ಮೊದಲು ನಂಬರ್ ಪ್ಲೇಟಿನ ಬಣ್ಣ ನೋಡಿ ಎನ್ನುತ್ತೇನೆ.

ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇದ್ದರೆ ಅದು ನೀವೇ ಓಡಿಸಲೆಂದು ಬಾಡಿಗೆಗೆ ನೋಂದಣಿಯಾದ ಕಾರು. ಹಳದಿ ಪ್ಲೇಟಿನ ಮೇಲೆ ಕಪ್ಪು ಅಕ್ಷರ ಇದ್ದರೆ ಡ್ರೈವರ್ ಇರುವ ಟ್ಯಾಕ್ಸಿ. ಬಿಳಿ ಪ್ಲೇಟ್, ಅಂದರೆ ನಾವೆಲ್ಲ ವೈಟ್ ಬೋರ್ಡ್ ಅನ್ನುವುದು, ಸ್ವಂತ ಬಳಕೆಯ ಕಾರು. ಅದನ್ನು ಬಾಡಿಗೆಗೆ ಕೊಡುವಂತಿಲ್ಲ. ಸೆಲ್ಫ್ ಡ್ರೈವ್ ವ್ಯವಹಾರಕ್ಕೆ ಕೇಂದ್ರ ಸರ್ಕಾರದ 1989ರ ರೆಂಟ್ ಎ ಕ್ಯಾಬ್ ಯೋಜನೆಯಡಿ ಲೈಸೆನ್ಸ್ ಬೇಕು. ಆ ಯೋಜನೆ ಕನಿಷ್ಠ 50 ಕಾರು ಇರಬೇಕು ಎನ್ನುತ್ತದೆ. ಒಂದೆರಡು ಕಾರು ಇಟ್ಟುಕೊಂಡವರು ಲೈಸೆನ್ಸಿನ ಗೊಡವೆಗೇ ಹೋಗದೆ ವೈಟ್ ಬೋರ್ಡನ್ನೇ ಕೈಗೆ ಕೊಡುವುದಕ್ಕೆ ಇದೂ ಒಂದು ಕಾರಣ.

ಇದರಿಂದ ನಿಮಗೇನು ತೊಂದರೆ? ಸ್ವಂತ ಕಾರಿನ ಪಾಲಿಸಿಯಲ್ಲಿ ವಾಹನವನ್ನು ಯಾವುದಕ್ಕೆ ಬಳಸಬಹುದು ಅನ್ನುವ ಒಂದು ಕಲಂ ಇರುತ್ತದೆ. ಬಾಡಿಗೆಗೆ ಬಳಸಿದರೆ ವಿಮೆ ಇಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಕಾರು ಜಖಂ ಆದಾಗ ನಾನು ಮೊದಲು ಕೇಳುವುದೇ ಓಡಿಸುತ್ತಿದ್ದವರು ಯಾರು, ಕಾರು ಅವರ ಕೈಗೆ ಹೇಗೆ ಬಂತು ಎಂದು. 'ಫ್ರೆಂಡ್ ಕಾರು' ಅನ್ನುವ ಉತ್ತರ ಬರುತ್ತದೆ. ಆದರೆ ಬುಕಿಂಗ್ ಮೆಸೇಜು, ಯುಪಿಐ ಪಾವತಿ ಎಲ್ಲ ಫೋನಿನಲ್ಲೇ ಉಳಿದಿರುತ್ತವೆ ಅಲ್ವಾ? ಬಾಡಿಗೆ ಅಂತ ಗೊತ್ತಾದರೆ ಕಂಪನಿ ಕ್ಲೇಮ್ ತಿರಸ್ಕರಿಸಬಹುದು. ಆಗ ಮಾಲೀಕ ರಿಪೇರಿ ಬಿಲ್ ಹಿಡಿದು ನಿಮ್ಮ ಹತ್ತಿರವೇ ಬರುತ್ತಾನೆ. ದಾರಿಹೋಕರಿಗೆ ಏಟಾಗಿದ್ದರೆ ವಿಷಯ ಇನ್ನೂ ಗಂಭೀರ. ವಿಮಾ ಕಂಪನಿ ಮೊದಲು ಪರಿಹಾರ ಕೊಟ್ಟು, ಆಮೇಲೆ ಆ ಹಣವನ್ನು ಮಾಲೀಕರಿಂದಲೋ ಓಡಿಸಿದವರಿಂದಲೋ ವಸೂಲಿ ಮಾಡಿಕೊಳ್ಳಲಿ ಅಂತ ಕೋರ್ಟ್ ಹೇಳಬಹುದು. ಲಕ್ಷಗಟ್ಟಲೆ ಮೊತ್ತ ಅದು.

ಕಪ್ಪು ಪ್ಲೇಟಿನ ಕಾರು ಅಂದಾಗ ಹಲವರಿಗೆ ಇನ್ನೊಂದು ಅನುಮಾನ. ಇದು ಕಮರ್ಷಿಯಲ್ ಗಾಡಿ, ಓಡಿಸಲು ಟ್ಯಾಕ್ಸಿ ಡ್ರೈವರುಗಳ ಹಾಗೆ ಬ್ಯಾಡ್ಜ್, ಅಂದರೆ ಪ್ರತ್ಯೇಕ ಅನುಮತಿ ಬೇಕಾ ಎಂದು ಕೇಳುತ್ತಾರೆ. ಬೇಡ. ಎಲ್‌ಎಂವಿ, ಅಂದರೆ ಕಾರಿನಂಥ ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಆದರೆ ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ವಿದೇಶದಿಂದ ರಜೆಗೆ ಬರುವವರು ಇಲ್ಲೇ ಎಡವುತ್ತಾರೆ. ಇಲ್ಲಿನ ಲೈಸೆನ್ಸಿನ ಅವಧಿ ಮುಗಿದಿರುತ್ತದೆ, ಜೇಬಿನಲ್ಲಿ ಅಮೆರಿಕದ ಲೈಸೆನ್ಸ್ ಇರುತ್ತದೆ. ಅದೊಂದೇ ಸಾಲದು. ಅಲ್ಲಿಂದ ಹೊರಡುವ ಮೊದಲೇ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡು ಬನ್ನಿ.

ಜನರಿಗೆ ಗೊತ್ತೇ ಇಲ್ಲದ, ನನ್ನನ್ನು ತುಂಬಾ ಕಾಡುವ ಒಂದು ವಿಷಯ ಇದೆ. ಪಾಲಿಸಿಯಲ್ಲಿ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಅಂತ ಬರೆದಿರುತ್ತದೆ. ಅದು ಕಾರಿನ ಮಾಲೀಕರೇ ಓಡಿಸುವಾಗ ಅವರಿಗೆ ಸಿಗುವಂಥದ್ದು. ಬಾಡಿಗೆಗೆ ತಗೊಂಡು ಸ್ಟಿಯರಿಂಗ್ ಹಿಡಿದ ನಿಮಗಲ್ಲ. ನಮ್ಮ ರಾಜ್ಯದ್ದೇ ಒಂದು ಪ್ರಕರಣದಲ್ಲಿ, ಎರವಲು ತಂದ ಬೈಕ್ ಓಡಿಸುವವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ ಅಂತ ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು. ಅಂದರೆ ಹೊರಗಿನವರಿಗೆ ಪರಿಹಾರ ಕೊಡುವ ಥರ್ಡ್ ಪಾರ್ಟಿ ವಿಮೆಯಲ್ಲಿ ಅವನು ಹೊರಗಿನವನಲ್ಲ, ಹಾಗಾಗಿ ಅದರಿಂದ ಅವನಿಗೆ ಪರಿಹಾರ ಇಲ್ಲ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೊರಡುವವರು ತಮ್ಮ ಹೆಸರಿನಲ್ಲೇ ಬೇರೆ ಅಪಘಾತ ವಿಮೆ ಮಾಡಿಸಿಕೊಂಡಿರಬೇಕು. ಇದನ್ನು ದಯವಿಟ್ಟು ಮುಂದೂಡಬೇಡಿ.

ಕಾರು ಸರಿಯಾದದ್ದೇ ಆದರೂ ಕರಾರು ಪತ್ರ ಓದಿ. ಜಖಂ ಆದರೆ ಎಷ್ಟು ಮೊತ್ತದವರೆಗೆ ನೀವು ಕೊಡಬೇಕು? ಟೈರು, ಗಾಜು, ಕಾರಿನ ತಳಭಾಗ ಅದರಲ್ಲಿ ಸೇರಿದೆಯೇ? ಕರಾರಿನಲ್ಲಿ ಹೆಸರಿಲ್ಲದ ತಮ್ಮನೋ ಭಾವನೋ ಓಡಿಸಿ ಗುದ್ದಿದರೆ ಪೂರ್ತಿ ನಷ್ಟ ನಿಮ್ಮ ತಲೆಗೇ ಬರಬಹುದು. ಮಳೆಗಾಲದಲ್ಲಿ ಇನ್ನೂ ಎಚ್ಚರ ಬೇಕು. 2021ರ ಅಕ್ಟೋಬರ್‌ನಲ್ಲಿ ಇದೇ ವಿಮಾನ ನಿಲ್ದಾಣದ ಮುಂದೆ ನೀರು ನಿಂತು ಪ್ರಯಾಣಿಕರು ಟ್ರ್ಯಾಕ್ಟರ್ ಹತ್ತಿದ್ದು ನೆನಪಿರಬಹುದು. ನೀರಿನಲ್ಲಿ ಆಫ್ ಆದ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಒಳಗೆ ನೀರು ಎಳೆದುಕೊಂಡು ಎಂಜಿನ್ ಒಳಗಿನ ಕನೆಕ್ಟಿಂಗ್ ರಾಡ್ ಬಾಗಿದರೆ, ಎಂಜಿನ್ ಪ್ರೊಟೆಕ್ಟ್ ಅನ್ನುವ ಪ್ರತ್ಯೇಕ ರಕ್ಷಣೆ ಇಲ್ಲದ ಪಾಲಿಸಿಯಲ್ಲಿ ಆ ನಷ್ಟ ಸಾಮಾನ್ಯವಾಗಿ ಸಿಗುವುದಿಲ್ಲ.

ಫಾಸ್ಟ್ಯಾಗ್‌ನಲ್ಲಿ ಹಣ ಇದೆಯಾ ಅಂತ ಕೇಳಿಕೊಳ್ಳಿ, ಬೆಂಗಳೂರಿನ ಕಡೆ ಹೊರಟರೆ ಸಾದಹಳ್ಳಿ ಟೋಲ್ ಬೇಗ ಸಿಗುತ್ತದೆ. ಮೈಸೂರು ಹೆದ್ದಾರಿಯಲ್ಲಿ ಕ್ಯಾಮೆರಾ ಇದೆ, ದಂಡ ಬಿದ್ದರೆ ನಿಮ್ಮ ಡೆಪಾಸಿಟ್ಟಿನಿಂದಲೇ ಮುರಿದುಕೊಳ್ಳುತ್ತಾರೆ. ಕೇರಳ, ತಮಿಳುನಾಡಿಗೆ ಹೋಗುವುದಿದ್ದರೆ ಪರ್ಮಿಟ್ ಹೊರರಾಜ್ಯಕ್ಕೂ ಇದೆಯಾ ಅಂತ ವಿಚಾರಿಸಿ.

ಕಾರು ತಂದುಕೊಡುವವರು ಪಾರ್ಕಿಂಗ್ ಜಾಗದಲ್ಲಿ ಅವಸರ ಮಾಡುತ್ತಾರೆ. ನೀವು ಅವಸರಪಡಬೇಡಿ. ಸರ್ಕಾರದ ಎಂ-ಪರಿವಾಹನ್ ಆ್ಯಪಿನಲ್ಲಿ ಕಾರಿನ ನಂಬರ್ ಹಾಕಿದರೆ ವಿಮೆ, ಫಿಟ್ನೆಸ್ ಎಲ್ಲಿಯವರೆಗೆ ಇದೆ ಅಂತ ಅಲ್ಲೇ ಕಾಣುತ್ತದೆ. ನಾಲ್ಕೂ ಕಡೆಯಿಂದ ವಿಡಿಯೊ ಮಾಡಿ. ಚಕ್ರದ ರಿಮ್, ಬಂಪರಿನ ಕೆಳಭಾಗ, ಮುಂದಿನ ಗಾಜು, ಮೀಟರ್ ಎಲ್ಲ ಅದರಲ್ಲಿ ಬರಲಿ. ರಾತ್ರಿ ಇಳಿದಿದ್ದರೆ ಬೆಳಕು ಇರುವ ಕಡೆ ಕಾರು ತರಿಸಿ. ವಾಪಸ್ ಕೊಡುವಾಗಲೂ ಹೀಗೆಯೇ ಮಾಡಿ.

ಬುಕ್ ಮಾಡಿದ್ದು ಒಂದು, ಬಂದು ನಿಂತದ್ದು ವೈಟ್ ಬೋರ್ಡ್ ಆದರೆ ಬೇಡ ಎನ್ನಿ. ಅಡ್ವಾನ್ಸ್ ಹೋದರೆ ಹೋಗಲಿ. ಮೈಸೂರಿಗೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇದೆ, ಊರೊಳಗೆ ಹೋಗಲು ಬಿಎಂಟಿಸಿಯ ವಾಯುವಜ್ರ ಇದೆ.