12/46 ಎಂದು ಬರೆದ ಪ್ರಿಂಟ್ ನಕಲೋ, ಅಸಲೋ?

ಪ್ರಶ್ನೆ: ಪ್ರಿಂಟ್ ಅಂದ್ಮೇಲೆ ಅದು ಮೂಲ ಚಿತ್ರದ ನಕಲು ತಾನೇ? ಕೆಳಗೆ ಪೆನ್ಸಿಲ್‌ನಲ್ಲಿ 12/46 ಎಂದು ಬರೆದ ಮಾತ್ರಕ್ಕೆ ಅಷ್ಟೊಂದು ಬೆಲೆ ಯಾಕೆ?
– ಚಿತ್ರಕಲಾ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಅಮೆರಿಕದ ಚಿತ್ರಕಲಾವಿದೆ ಹೆಲೆನ್ ಫ್ರಾಂಕೆಂಥಾಲರ್ ಅವರ ಕೆಲಸ ಹಿಡಿದು ಹೇಳ್ತೀನಿ, ಬೇಗ ಅರ್ಥವಾಗುತ್ತದೆ.

ಅವರು 1928ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದವರು. 1952ರಲ್ಲಿ ದೊಡ್ಡ ಕ್ಯಾನ್ವಾಸೊಂದನ್ನು ನೆಲಕ್ಕೆ ಹಾಸಿ, ಪ್ರೈಮರ್ (ಬಣ್ಣ ಬಟ್ಟೆಗೆ ಇಳಿಯದಂತೆ ಮೊದಲೇ ಬಳಿಯುವ ಲೇಪ) ಹಚ್ಚದೆ, ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಮಾಡಿದ ಆಯಿಲ್ ಬಣ್ಣವನ್ನು ಅದರ ಮೇಲೆ ಸುರಿದರು. ಒಗೆದು ಒಗೆದು ಮೆತ್ತಗಾದ ಹತ್ತಿ ಪಂಚೆ ಮೇಲೆ ಅರಿಶಿನದ ನೀರು ಚೆಲ್ಲಿದರೆ ಎಳೆ ಎಳೆಗೂ ಇಳಿಯುತ್ತದಲ್ವಾ? ಹಾಗೆಯೇ ಬಣ್ಣ ಬಟ್ಟೆಯೊಳಕ್ಕೆ ಇಳಿಯಿತು. ಆ ಚಿತ್ರ ‘ಮೌಂಟನ್ಸ್ ಅಂಡ್ ಸೀ’. ಮರುವರ್ಷ ಅದನ್ನು ನೋಡಿದ ಚಿತ್ರಕಲಾವಿದರಾದ ಮಾರಿಸ್ ಲೂಯಿಸ್, ಕೆನೆತ್ ನೋಲ್ಯಾಂಡ್ ತಮ್ಮ ದಾರಿಯನ್ನೇ ಬದಲಿಸಿದರು. ಅಗಲ ಅಗಲ ಬಣ್ಣದ ಹರವೇ ಚಿತ್ರವಾಗುವ ‘ಕಲರ್ ಫೀಲ್ಡ್’ ಚಿತ್ರಕಲೆ ಬೆಳೆದದ್ದು ಹೀಗೆ.

1961ರಿಂದ ಹೆಲೆನ್ ಲಿಥೋಗ್ರಾಫ್ (ಕಲ್ಲಚ್ಚಿನ ಚಿತ್ರ) ಮಾಡತೊಡಗಿದರು. 1973ರಲ್ಲಿ ಮರದಚ್ಚಿಗೆ ಕೈಹಾಕಿದರು. ನನಗೆ ತುಂಬಾ ಇಷ್ಟವಾಗುವುದು ಇದೇ. ಹರಿಯುವ ಬಣ್ಣದವರು ಗಟ್ಟಿ ಮರದ ಮುಂದೆ ಕೂತರು! ಮರ ಬಣ್ಣವನ್ನು ಹರಿಯಲು ಬಿಡುವುದಿಲ್ಲ. ಪ್ರತಿ ಬಣ್ಣಕ್ಕೂ ಜಾಗ ಕೊರೆದೇ ಕೊಡಬೇಕು.

1977ರ ‘ಎಸೆನ್ಸ್ ಮಲ್ಬೆರಿ’ ನೋಡಿ. ಕೆನೆತ್ ಟೈಲರ್ ಅವರ ಅಚ್ಚುಶಾಲೆಯ ಹೊರಗೆ ಹಿಪ್ಪುನೇರಳೆ ಮರವೊಂದು ಹಣ್ಣು ಬಿಟ್ಟಿತ್ತು. ಹೆಲೆನ್ ಆ ಹಣ್ಣು ಹಿಂಡಿ, ರಸದ ಬಣ್ಣವನ್ನೇ ತಮ್ಮ ಚಿತ್ರಕ್ಕೆ ಆರಿಸಿಕೊಂಡರು. ರೇಷ್ಮೆ ಹುಳುವಿಗೆ ಸೊಪ್ಪು ಕೊಯ್ಯುವ ಚಿತ್ರದುರ್ಗದ ಕಡೆಯವರಿಗೆ ಆ ಬಣ್ಣ ಹೇಳಿಕೊಡಬೇಕಿಲ್ಲ. ಹಣ್ಣು ತಿಂದ ಮಕ್ಕಳ ನಾಲಿಗೆ, ಬೆರಳ ತುದಿ ನೆನಪಿಸಿಕೊಂಡರೆ ಸಾಕು.

ಈಗ ನಿಮ್ಮ ಪ್ರಶ್ನೆ. ಇದರ ‘ಮೂಲ ಚಿತ್ರ’ ಎಲ್ಲಿದೆ? ಎಲ್ಲೂ ಇಲ್ಲ. ಕೊರೆದ ಮರಕ್ಕೆ ಬಣ್ಣ ಹಚ್ಚಿ ಕಾಗದದ ಮೇಲೆ ಒತ್ತಿದಾಗಲೇ ಚಿತ್ರ ಹುಟ್ಟುತ್ತದೆ. ಹಾಗೆ ಹುಟ್ಟಿದ್ದು 46. ಅಷ್ಟೂ ಅಸಲೇ. ಮೊಳಕಾಲ್ಮುರಿನ ಮಗ್ಗದಲ್ಲಿ ಒಂದೇ ಅಂಚಿನ ಎರಡು ಸೀರೆ ನೇಯ್ದರೆ, ಎರಡನೆಯದನ್ನು ಮೊದಲಿನದರ ನಕಲು ಅಂತೀವಾ? ಹೆಲೆನ್ ಅವರ 2000ದ ‘ಮೇಡಮ್ ಬಟರ್‌ಫ್ಲೈ’ಗಂತೂ ಕೊರೆದ ಮರದ ಹಲಗೆಗಳೇ 46, ಬಣ್ಣ 102. ಒಂದೊಂದು ಬಣ್ಣವೂ ಕೂದಲೆಳೆಯಷ್ಟೂ ಜರುಗದೆ ಕೂರಬೇಕು. ಬೆಲೆಗೆ ಕಾರಣ ಬರೀ ಅಂಕಿಯಲ್ಲ, ಈ ಕೆಲಸ.

12/46 ಎಂದರೆ 46ರಲ್ಲಿ 12ನೆಯದು. 1/46 ಹೆಚ್ಚು ಶ್ರೇಷ್ಠ ಅಂತೇನಿಲ್ಲ. ಅಚ್ಚಾದ ಕ್ರಮಕ್ಕೇ ಸಂಖ್ಯೆ ಹಾಕಿರಬೇಕೆಂದೂ ಇಲ್ಲ. ‘ಎ.ಪಿ.’ ಎಂದಿದ್ದರೆ ಅದು ಕಲಾವಿದರ ಪಾಲಿನ ಪ್ರತಿ. ಎಲ್ಲ ಮುಗಿದ ಮೇಲೆ, ಮತ್ತೆ ಪ್ರತಿ ತೆಗೆಯಲಾಗದಂತೆ, ಸಾಮಾನ್ಯವಾಗಿ ಅಚ್ಚಿಗೆ ಅಡ್ಡ ಗೀರು ಹಾಕಿ ಕೆಡಿಸಿಬಿಡುತ್ತಾರೆ.

ಆದರೆ ಅಂಕಿ ಮತ್ತು ಸಹಿ ನೋಡಿ ಸುಮ್ನೆ ನಂಬಬೇಡಿ. ಪೇಂಟಿಂಗಿನ ಫೋಟೋ ತೆಗೆದು ಇಂಕ್‌ಜೆಟ್‌ನಲ್ಲಿ ಹೊಡೆದು, ಅದಕ್ಕೂ ಸಂಖ್ಯೆ ಹಾಕಿ ಮಾರುತ್ತಾರೆ. ‘ಮರದಚ್ಚು’ ಎಂಬ ಮಾತು ನಂಬಿ ನಾನೂ ಒಂದು ತಂದಿದ್ದೆ. ಮನೆಯಲ್ಲಿ ಭೂತಗನ್ನಡಿ ಹಿಡಿದರೆ ಮರದ ನಾರಿನ ಗೆರೆಯೂ ಇಲ್ಲ, ಒತ್ತಿದ ಗುರುತೂ ಇಲ್ಲ. ಎಲ್ಲೆಡೆ ಸಣ್ಣ ಸಣ್ಣ ಬಣ್ಣದ ಚುಕ್ಕಿ. ಕೊಳ್ಳುವ ಮುಂಚೆ, ಅಂಗಡಿಯಲ್ಲೇ, ಫ್ರೇಮ್ ಬಿಚ್ಚಿಸಿ ನೋಡಿ.