ಬಿಟ್ಟುಕೊಟ್ಟರೆ ಮಾತ್ರ ನುಡಿಯುವ ತಂತಿ

ದೇವಸ್ಥಾನದಲ್ಲಿ ಜಾಗಟೆ ಬಾರಿಸುವವರ ಕೈ ನೋಡಿ. ಕೋಲು ತಾಗಿದ ತಕ್ಷಣ ಹಿಂದಕ್ಕೆ ಬರುತ್ತದೆ. ಅಲ್ಲೇ ಒತ್ತಿ ಹಿಡಿದರೆ ಸದ್ದು ಟಪ್ ಅಂತ ಸತ್ತುಹೋಗುತ್ತದೆ. ಪಿಯಾನೋದಲ್ಲೂ ಕೀಲಿ ಒತ್ತಿದರೆ ಒಳಗೊಂದು ಪುಟ್ಟ ಸುತ್ತಿಗೆ ತಂತಿಗೆ ಬಡಿಯುತ್ತದೆ. ಅದರ ಗುಟ್ಟೆಲ್ಲ ಇಷ್ಟರಲ್ಲೇ ಇದೆ.

ಆದರೆ ಬೆರಳು ಕೀಲಿಯನ್ನು ಒತ್ತಿಕೊಂಡೇ ಇರುವಾಗ ಸುತ್ತಿಗೆ ತಂತಿಯನ್ನು ಬಿಟ್ಟು ಬರುವುದು ಹೇಗೆ? ಇದಕ್ಕೆ ದಾರಿ ಕಂಡುಹಿಡಿದವನು ಬಾರ್ತೊಲೊಮಿಯೊ ಕ್ರಿಸ್ತೊಫೊರಿ. ಹುಟ್ಟಿದ್ದು 1655ರಲ್ಲಿ, ಇಟಲಿಯ ಪಾದುವಾದಲ್ಲಿ. 1688ರ ಹೊತ್ತಿಗೆ ಫ್ಲಾರೆನ್ಸ್‌ನಲ್ಲಿ ಮೆದಿಚಿ ಮನೆತನದ ರಾಜಕುಮಾರ ಫರ್ಡಿನಾಂಡೋನ ಹತ್ತಿರ ಕೆಲಸಕ್ಕೆ ಸೇರಿದ್ದ. ಆಗಿನ ಹಾರ್ಪ್ಸಿಕಾರ್ಡ್ ಅನ್ನುವ ಕೀಲಿಮಣೆ ವಾದ್ಯದಲ್ಲಿ ಹಕ್ಕಿ ಗರಿಯ ಚೂರು ತಂತಿಯನ್ನು ಮೀಟುತ್ತಿತ್ತು. ಬೆರಳು ಮೆಲ್ಲಗೆ ಒತ್ತಲಿ, ಜೋರಾಗಿ ಒತ್ತಲಿ, ಸದ್ದು ಹೆಚ್ಚುಕಡಿಮೆ ಅಷ್ಟೇ. 1700ರಲ್ಲಿ ಅರಮನೆಯ ವಾದ್ಯಗಳ ಪಟ್ಟಿಯಲ್ಲಿ ಅವನ ಹೊಸ ವಾದ್ಯ ಕಾಣಿಸಿಕೊಂಡಿತು: ಮೆಲ್ಲಗೂ ಜೋರಾಗಿಯೂ ನುಡಿಯುವಂಥದ್ದು. ಇಟಾಲಿಯನ್‌ನಲ್ಲಿ ಮೆಲ್ಲಗೆ ಅಂದರೆ 'ಪಿಯಾನೊ'. ಹೆಸರು ಬಂದದ್ದು ಅಲ್ಲಿಂದಲೇ.

ಒಳಗೆ ಆಗುವುದು ಇದು. ಕೀಲಿ ಒತ್ತಿದರೆ ಒಂದು ಪುಟ್ಟ ಊರುಗೋಲು ಮೇಲೇಳುತ್ತದೆ. ಅದು ಒಂದು ಸನ್ನೆಗೋಲನ್ನು ತಳ್ಳುತ್ತದೆ, ಸನ್ನೆಗೋಲು ಸುತ್ತಿಗೆಯನ್ನು ತಳ್ಳುತ್ತದೆ. ಬೆರಳು ಸ್ವಲ್ಪ ಇಳಿದರೆ ಸಾಕು, ಸುತ್ತಿಗೆ ಜಾಸ್ತಿ ದೂರ ಜಾಸ್ತಿ ವೇಗದಲ್ಲಿ ಹೋಗುತ್ತದೆ, ಏತದ ಉದ್ದನೆ ತುದಿಯ ಹಾಗೆ. ತಂತಿ ಇನ್ನೇನು ಸಿಗಬೇಕು ಅನ್ನುವಾಗ ಊರುಗೋಲು ಜಾರಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಸುತ್ತಿಗೆ ಒಂಟಿಯಾಗಿ ಹಾರುತ್ತದೆ. ಕ್ಯಾರಂ ಆಡುವಾಗ ಸ್ಟ್ರೈಕರ್ ಬೆರಳು ಬಿಟ್ಟ ಮೇಲೆ ನಮ್ಮ ಮಾತು ಕೇಳುತ್ತದೆಯೇ? ಇಲ್ಲ ಅಲ್ವಾ? ಇದೂ ಹಾಗೇ, ಕವಣೆ ಬಿಟ್ಟ ಕಲ್ಲಿನ ಹಾಗೆ. ಸುತ್ತಿಗೆ ತಂತಿಗೆ ತಾಗಿ ಬಿದ್ದ ಮೇಲೆ ಪುಟಿದು ಮತ್ತೆ ಬಡಿಯಬಾರದು. ಅದನ್ನು ಹಿಡಿದು ನಿಲ್ಲಿಸುವುದಕ್ಕೂ ಅವನು ಒಂದು ಉಪಾಯ ಮಾಡಿದ್ದ.

ಸ್ವರ ಹೊರಟ ಮೇಲೂ ಕೀಲಿಯನ್ನು ಅದುಮಿದರೆ ನಾದ ತುಂಬಿಕೊಳ್ಳುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ. ಸುಮ್ನೆ ಬೆರಳಿಗೆ ನೋವು! ಊರುಗೋಲು ಜಾರುವ ಮೊದಲೇ ಎಲ್ಲ ತೀರ್ಮಾನವಾಗಿರುತ್ತದೆ.

ಅವನ ಮೂರು ಪಿಯಾನೋಗಳು ಉಳಿದಿವೆ: 1720ರದ್ದು ನ್ಯೂಯಾರ್ಕ್‌ನಲ್ಲಿ, 1722ರದ್ದು ರೋಮ್‌ನಲ್ಲಿ, 1726ರದ್ದು ಲೈಪ್‌ಜಿಗ್‌ನಲ್ಲಿ. ನ್ಯೂಯಾರ್ಕ್‌ನದಕ್ಕೆ 1938ರಲ್ಲಿ ನಾದಫಲಕವನ್ನೇ, ಅಂದರೆ ತಂತಿಯ ಸದ್ದನ್ನು ದೊಡ್ಡದು ಮಾಡುವ ಹಲಗೆಯನ್ನೇ, ಹೊಸದಾಗಿ ಹಾಕಿದರು. ಹಾಗಾಗಿ ಅದರಿಂದ ಈಗ ಬರುವ ದನಿ ಅವನು ಕೇಳಿದ ದನಿಯಲ್ಲ. ನನ್ನ ಮನಸ್ಸು ಹೋಗುವುದು ಲೈಪ್‌ಜಿಗ್‌ನ ವಾದ್ಯದ ಕಡೆಗೆ. ಅದರ ಸುತ್ತಿಗೆಯ ತಲೆ ಗಟ್ಟಿ ಮರದ್ದಲ್ಲ. ಕಾಗದದ ಪಟ್ಟಿಯನ್ನು ಸುರುಳಿ ಸುತ್ತಿ, ಅಂಟು ಹಾಕಿ, ತಂತಿಗೆ ತಾಗುವ ಕಡೆ ತೊಗಲಿನ ಚೂರು ಕೂರಿಸಿದ್ದಾನೆ. ಒಳಗೆ ಬರೀ ಗಾಳಿ.