2.20 ದೊಡ್ಡದೋ, 2.35 ದೊಡ್ಡದೋ?

ಸಕಲೇಶಪುರದ ಹತ್ತಿರ ನಮ್ಮ ಭಾವನವರದ್ದೊಂದು ಸಣ್ಣ ಕಾಫಿ ತೋಟ ಇದೆ. ಒಂದು ದಿನ ಮೊಬೈಲ್ ಹಿಡಿದು ಬೇಲಿಗುಂಟ ಸುತ್ತು ಹೊಡೆದು ಬಂದರು. ಅಳತೆಯ ಆ್ಯಪ್ ನೋಡಿ ಮುಖ ಅರಳಿತು. "ನೋಡೋ ಇಲ್ಲಿ, 2.35 ಎಕರೆ! ಪಹಣಿಯಲ್ಲಿ ಬರೀ 2.20 ಇದೆ. ಹದಿನೈದು ಗುಂಟೆ ಜಾಸ್ತಿ ಬಂತಲ್ಲೋ!"

ನಾನು ಸುಮ್ನೆ ಕಾಫಿ ಕುಡಿದು ಎದ್ದು ಬರಬಹುದಿತ್ತು. "ಭಾವ, ಜಾಸ್ತಿ ಅಲ್ಲ, ಆರು ಗುಂಟೆ ಕಮ್ಮಿ" ಅಂದುಬಿಟ್ಟೆ.

ಪಹಣಿಯ 2.20 ಅಂದರೆ 2 ಎಕರೆ 20 ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ 20 ಗುಂಟೆ ಅಂದರೆ ಅರ್ಧ. ಒಟ್ಟು ಎರಡೂವರೆ ಎಕರೆ. ಆ್ಯಪ್ ತೋರಿಸುವುದು ದಶಮಾಂಶ. ಅದರ ಲೆಕ್ಕದಲ್ಲಿ ಎಕರೆಗೆ 100 ಪಾಲು, ಅದರಲ್ಲಿ 35. ಗುಂಟೆಗೆ ತಂದರೆ 40ರಲ್ಲಿ ನೂರಕ್ಕೆ 35, ಅಂದರೆ 14. ಅಲ್ಲಿಗೆ 2 ಎಕರೆ 14 ಗುಂಟೆ. ಕಮ್ಮಿ ಬಿದ್ದ ಆರು ಗುಂಟೆಗೆ 6,534 ಚದರಡಿ. ಹಾಸನ ಪೇಟೆಯಲ್ಲಾದರೆ ಐದು ಮೂವತ್ತು-ನಲವತ್ತರ ಸೈಟ್ ಮಾಡಿ ಇನ್ನೂ ಮಿಗುತ್ತಿತ್ತು. (ಮೊಬೈಲ್ ಜಿಪಿಎಸ್ ನಾಲ್ಕೈದು ಮೀಟರ್ ಅತ್ತಿತ್ತ ಹೋಗುವುದು ಮಾಮೂಲು. ಹಾಗಂತ ಹೇಳಿ ಭಾವನನ್ನು ಸಮಾಧಾನ ಮಾಡಿದೆ.)

ಮೋಸ ಮಾಡಿದ್ದು ಆ ಚುಕ್ಕಿ. ಟಿ20 ಮ್ಯಾಚಿನಲ್ಲಿ 19.3 ಓವರ್ ಅಂದರೆ ಹತ್ತೊಂಬತ್ತೂವರೆ, ಏಕೆಂದರೆ ಓವರಿಗೆ ಆರು ಎಸೆತ. 19.7 ಅನ್ನುವ ಓವರೇ ಇಲ್ಲ. ಮಳೆಯ ಅಳತೆಗೆ ಬಂದರೆ ಮತ್ತೆ ನೂರು, ಇಂಚಿಗೆ ನೂರು ಸೆಂಟ್. ಮಾರ್ಚಿನಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದ ಮಾರನೇ ದಿನ ಮಲೆನಾಡಿನ ತೋಟಗಾರರ ಫೋನುಗಳಲ್ಲಿ ಓಡಾಡುವುದೇ ಇಂಚು, ಸೆಂಟ್. "ನಮ್ಮಲ್ಲಿ ಒಂದು ಇಂಚು ಇಪ್ಪತ್ತು ಸೆಂಟ್" ಅಂದರೆ 1.20 ಇಂಚು, ಸುಮಾರು 30 ಮಿಲಿಮೀಟರ್. ಆದರೆ ಒಂದು ಇಂಚು ಐದು ಸೆಂಟನ್ನು 1.5 ಅಂತ ಬರೆದಿರೋ, ಬೀಳದ 45 ಸೆಂಟ್ ಮಳೆ ಡೈರಿಯಲ್ಲಿ ಬಿದ್ದಿರುತ್ತದೆ. ಅದು 1.05.

ನಾವು ಎಣಿಸಲು ಕಲಿಯುವುದು ಒಂದು, ಎರಡು, ಮೂರು ಅನ್ನುವ ಪೂರ್ಣ ಸಂಖ್ಯೆಗಳಲ್ಲಿ. ಆ ಅಭ್ಯಾಸ ಸುಲಭಕ್ಕೆ ಬಿಡುವುದಿಲ್ಲ. 5ಕ್ಕಿಂತ 35 ದೊಡ್ಡದು, ಹಾಗಾಗಿ 0.5ಕ್ಕಿಂತ 0.35 ದೊಡ್ಡದು ಅನ್ನುವ ಮಕ್ಕಳು ಎಲ್ಲ ತರಗತಿಯಲ್ಲೂ ಸಿಗುತ್ತಾರೆ. ಎಂಟನೇ ಒಂದು ಭಾಗ ನಾಲ್ಕನೇ ಒಂದು ಭಾಗಕ್ಕಿಂತ ದೊಡ್ಡದು ಅನ್ನುವವರೂ ಅಷ್ಟೇ. ಹಲಸಿನ ಹಣ್ಣನ್ನು ನಾಲ್ಕು ಜನಕ್ಕೆ ಹಂಚಿದಾಗ ಜಾಸ್ತಿ ಸಿಗುತ್ತೋ, ಎಂಟು ಜನಕ್ಕೋ ಅಂತ ಕೇಳಿ, ಅದೇ ಮಕ್ಕಳು ತಪ್ಪು ಹೇಳುವುದಿಲ್ಲ.

ಸ್ವಲ್ಪ ಕಷ್ಟದ್ದು ನೋಡೋಣ. 3/8 ಎಕರೆ ದೊಡ್ಡದೋ, 2/5 ಎಕರೆಯೋ? ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ಎರಡಕ್ಕೂ ಒಂದೇ ಛೇದ ಬೇಕು. 8 ಮತ್ತು 5 ಎರಡರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ 40. ಅರೆ, ಅದು ಗುಂಟೆಯೇ! ಮೊದಲನೆಯದು 15 ಗುಂಟೆ, ಎರಡನೆಯದು 16. ಈ ಅತಿ ಚಿಕ್ಕ ಸಾಮಾನ್ಯ ಛೇದದ ದಾರಿಯನ್ನು 9ನೇ ಶತಮಾನದಲ್ಲೇ ಹೇಳಿಕೊಟ್ಟವನು ಮಹಾವೀರಾಚಾರ್ಯ, ನಮ್ಮ ನೃಪತುಂಗನ ಕಾಲದ ಗಣಿತಜ್ಞ. ಅವನು ಅದನ್ನು 'ನಿರುದ್ಧ' ಅಂತ ಕರೆದ.

ಶೇಕಡಾ ಅಂದರೂ ಇದೇ ಕೆಲಸ, ಛೇದ ಯಾವಾಗಲೂ 100. ಎಲ್ಲವನ್ನೂ ಅದಕ್ಕೆ ತಂದರೆ 2 ಅಂದರೆ 200%, ಎರಡೂಕಾಲು 225%. ಹಿಂದೆ ನೂರರ ಜಾಗದಲ್ಲಿ ಹದಿನಾರಿತ್ತು, ರೂಪಾಯಿಗೆ ಹದಿನಾರಾಣೆ. 1957ರ ಏಪ್ರಿಲ್ 1ಕ್ಕೆ ದಶಮಾಂಶ ನಾಣ್ಯ ಬಂತು, ಆದರೂ ಪೂರ್ತಿ ನಿಜವನ್ನು ನಾವು ಇವತ್ತಿಗೂ 'ಹದಿನಾರಾಣೆ ಸತ್ಯ' ಅಂತಲೇ ಅನ್ನುತ್ತೇವೆ. ಪಹಣಿಯಲ್ಲೂ ಗುಂಟೆಗೆ ಹದಿನಾರಾಣೆಯೇ.

ಶೇಕಡಾದಲ್ಲೂ ಜಾರಬಹುದು. ಒಂದು ಕಿಲೋ ಕಾಫಿ ಪುಡಿಗೆ ಕಾಲು ಕಿಲೋ ಚಿಕೋರಿ ಸೇರಿಸಿ ಅಂದಿರಿ ಅನ್ನಿ. ಚಿಕೋರಿ ಎಷ್ಟು? 25% ಅಂತ ಬಾಯಿಗೆ ಬರುತ್ತದೆ. ಆದರೆ ಪೊಟ್ಟಣದಲ್ಲಿ ಈಗ ಒಂದೂಕಾಲು ಕಿಲೋ ಇದೆ. ಅದರಲ್ಲಿ ಕಾಲು ಕಿಲೋದ ಐದು ಪಾಲು, ಒಂದು ಪಾಲು ಚಿಕೋರಿ. ಅಲ್ಲಿಗೆ 20%. ಅಂಗಡಿಯವರು 80:20 ಅನ್ನುವುದು ಇದನ್ನೇ. ನಿಜವಾಗಿ 25% ಬೇಕಿದ್ದರೆ ಮುಕ್ಕಾಲು ಕಿಲೋ ಪುಡಿಗೆ ಕಾಲು ಕಿಲೋ ಹಾಕಿಸಬೇಕು.

ಇನ್ನು ಮೂರು. ಇದು 40ಕ್ಕೂ ಬಗ್ಗುವುದಿಲ್ಲ, 100ಕ್ಕೂ ಬಗ್ಗುವುದಿಲ್ಲ. ಮೂವರು ಅಣ್ಣತಮ್ಮಂದಿರು ಒಂದು ಎಕರೆಯನ್ನು ಹಿಸ್ಸೆ ಮಾಡಿಕೊಳ್ಳಲು ಕೂತರೆ ತಲೆಗೆ 13 ಗುಂಟೆ 5 ಆಣೆ, ಮೇಲೆ ಆಣೆಯ ಮೂರನೇ ಒಂದು ಭಾಗ. ಅಷ್ಟೆಲ್ಲ ಯಾಕೆ, ತಲಾ 33 ಸೆಂಟ್ (ಇಲ್ಲಿ ಸೆಂಟ್ ಅಂದರೆ ಎಕರೆಯ ನೂರನೇ ಒಂದು ಪಾಲು) ಅಂತ ಬರೆದುಬಿಡಿ ಅಂದರೆ 99 ಸೆಂಟ್ ಆಯಿತು. ಉಳಿದ ಒಂದು ಸೆಂಟ್ 435 ಚದರಡಿಗೂ ಸ್ವಲ್ಪ ಜಾಸ್ತಿ. ಅದು ಬಾವಿಯ ಹತ್ತಿರದ ಜಾಗವಾದರಂತೂ ಆ ಸಂಜೆ ಮನೆಯಲ್ಲಿ ಯಾರೂ ಊಟಕ್ಕೆ ಏಳುವುದಿಲ್ಲ.